ಸದರಿ ಮರದ ಫಸಲು

ತಾಲ್ಲೂಕು ಕಚೇರಿ ಕಾಂಪೌಂಡಿನ ಮಾವಿನಮರ
ಹೂವಿದ್ದಾಗಲೇ ಹರಾಜಾಗಿತ್ತು,
ಎರಡೂವರೆ ಸಾವಿರಕ್ಕೆ, ಬುಡೇನ್ ಸಾಬರ ಹೆಸರಿಗೆ.
ಕಾಗದ ಟೈಪು ಮಾಡಿದವಳು ನಾನೇ:
‘ಸದರಿ ಮರದ ಫಸಲು ಪೂರ್ತಾ.’
ನಿನ್ನೆ ರಾತ್ರಿ ಸಾಗರದ ಮೇಲೆ ಎದ್ದ ಗಾಳಿಗೆ
ಓದಲು ಬರುವುದಿಲ್ಲ.

ಬೆಳಿಗ್ಗೆ ಬಂದರೆ ನನ್ನ ಮೇಜಿನ ಸುತ್ತ,
ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ,
ಸಾಹೇಬರ ಜೀಪಿನ ಬಾನೆಟ್ಟಿನ ಮೇಲೂ ಕಾಯಿ.
ಗೊರಟು ಬಲಿತಿಲ್ಲ, ಬಣ್ಣ ಕದಲಿಲ್ಲ,
ತೊಟ್ಟು ಮುರಿದಲ್ಲಿ ಸೊನೆ ಇನ್ನೂ ಹಸಿ.
ಸೆರಗಿಗೆ ಹದಿನೆಂಟು ಆಯ್ದೆ.
ಹತ್ತೊಂಬತ್ತನೆಯದು ಪೆಟ್ಟುಬಿದ್ದು ಒಡೆದಿತ್ತು,
ಅದನ್ನೂ ಬಿಡಲಿಲ್ಲ.

ಸುಬ್ರಾಯನ ಕ್ಯಾಂಟೀನಿನ ಒಲೆ
ಹತ್ತೂವರೆಗೆ ಒಮ್ಮೆ ಉಸಿರು ಬಿಡುತ್ತದೆ.
ಆಗ ಕೆಂಡದೊಳಗೆ ಹೂಳಬೇಕು.
ಸಿಪ್ಪೆ ಕಪ್ಪಾಗಿ, ಬಿರಿದು,
ಬಿರುಕಿನಲ್ಲಿ ಹುಳಿ ನೊರೆಯಾಗಿ ಉಕ್ಕುವವರೆಗೆ
ಕೈ ಹಾಕಬಾರದು.
ಅವಸರಕ್ಕೆ ಕಲ್ಲು, ಮರೆವಿಗೆ ಬೂದಿ.
ಆ ನಡುವಿನ ಹೊತ್ತಿನಲ್ಲಿ ಎರಡು ಅಫಿಡವಿಟ್ಟು,
ಒಂದು ವಂಶವೃಕ್ಷ ಮುಗಿಸಿದೆ.
ವಂಶವೃಕ್ಷದ ಮೂರನೇ ಕೊಂಬೆಯ ಮೇಲೆ
ನನ್ನ ಹೆಬ್ಬೆರಳಿನ ಸೊನೆ ಕೂತಿತು,
ಯಾರದೋ ಚಿಕ್ಕಪ್ಪನ ಹೆಸರಿಗೆ.
ಒರೆಸಿದಷ್ಟೂ ಹರಡಿತು, ಹಾಗೇ ಬಿಟ್ಟೆ.

ಬೆಂಚಿನ ತುದಿಯಲ್ಲಿ ಕೆರಿಯಪ್ಪ.
ಮಂಗಳವಾರ ತಪ್ಪಿದರೂ ಅವರು ತಪ್ಪುವುದಿಲ್ಲ.
ಮುಳುಗಡೆಯಲ್ಲಿ ಹೋದ ಊರಿನವರು;
ಅಪ್ಪನ ಹೆಗಲ ಮೇಲೆ ಕೂತು ಎದ್ದು ಬಂದ ಹುಡುಗ,
ಈಗ ಅಪ್ಪ ಸತ್ತ ವಯಸ್ಸನ್ನೂ ದಾಟಿದ್ದಾರೆ.
ಬದಲಿಗೆ ತೋರಿಸಿದ ಜಾಗಕ್ಕೆ ಹಕ್ಕುಪತ್ರ ಬಂದಿಲ್ಲ.
ಕೇಳುವುದು ಒಂದೇ ಮಾತು: ‘ಬಂತನಾ ತಂಗಿ?’
ನಾನು ಹೇಳುವುದೂ ಒಂದೇ: ‘ಕಾಯಿರಿ.’
ಇವತ್ತು ನಕ್ಕರು, ಇದ್ದಷ್ಟು ಹಲ್ಲು ಬಿಟ್ಟು:
‘ಕಾದು ಕಾದು ನಾನು ಹಣ್ಣಾದೆ ಮಾರಾಯ್ತಿ,
ನಿಮ್ಮ ಕಾಗದ ಮಾತ್ರ ಇನ್ನೂ ಕಾಯಿ.’

ಸುಟ್ಟ ಸಿಪ್ಪೆ ಸುಲಿದೆ, ಹಳೇ ಪೇಪರಿನ ಮೇಲೆ.
ತಿರುಳು ಹಿಂಡಿದರೆ ಬೆರಳ ಸಂದಿಯಲ್ಲಿ
ಹಸಿರೂ ಅಲ್ಲದ ಹಳದಿಯೂ ಅಲ್ಲದ
ಹೊಗೆ ಬೆರೆತ ಒಂದು ಬಣ್ಣ.
ಪೇಪರ್‌ವೇಟಿನಲ್ಲಿ ಜೀರಿಗೆ ಕುಟ್ಟಿದೆ, ನಾಲ್ಕು ಕಾಳುಮೆಣಸೂ.
ಸುಬ್ರಾಯ ಜೋನಿಬೆಲ್ಲ ಕೊಟ್ಟ, ಲೆಕ್ಕಕ್ಕೆ ಬರೆದುಕೊಂಡ.
‘ಸಾರ್ವಜನಿಕರಿಗೆ’ ಎಂದು ಬರೆಸಿದ ಮಣ್ಣಿನ ಹೂಜಿಯಿಂದ
ತಣ್ಣನೆ ನೀರು, ಎಂಟು ಚೊಂಬು.
ಸೋಸಲಿಲ್ಲ. ನಾರು ಹಲ್ಲಿಗೆ ಸಿಗಬೇಕು.

ಕೆರಿಯಪ್ಪ ಮೊದಲ ಗುಟುಕಿಗೆ ಒಂದು ಕಣ್ಣು ಮುಚ್ಚಿದರು.
‘ಇದು ಹುಳಿಯೇ ಅಲ್ಲ’ ಎಂದರು.
‘ನಮ್ಮ ಹೊಳೆದಂಡೆಯ ಅಪ್ಪೆಮರ ಇತ್ತಲ್ಲ,
ಕಚ್ಚಿದ ಕಾಗೆ ಮೂರು ದಿನ ಕೂಗುತ್ತಿರಲಿಲ್ಲ.’
ಆಮೇಲೆ, ಲೋಟದೊಳಗೆ ನೋಡುತ್ತ:
‘ಈ ಸಲ ನೀರು ಭಾರಿ ಇಳಿದಿತ್ತು. ಹೋಗಿದ್ದೆ.
ಬುಡ ಕಾಣಿಸ್ತು. ಕೆರೆದು ಮೂಸಿದೆ.
ಕೆಸರಿನ ವಾಸನೆ ಅಷ್ಟೇ.’

ಹನ್ನೆರಡಕ್ಕೆ ಬುಡೇನ್ ಸಾಬರು ಬಂದರು,
ಕಂಕುಳಲ್ಲಿ ಖಾಲಿ ಗೋಣಿಚೀಲ.
ಮರ ನೋಡಿದರು, ನೆಲ ನೋಡಿದರು,
ಪೇಪರಿನ ಮೇಲಿನ ಕಪ್ಪು ಸಿಪ್ಪೆ ನೋಡಿದರು.
‘ಎಣಿಸಿದ್ದೀರಾ ಅಮ್ಮಾ?’
‘ಹದಿನೆಂಟು’ ಎಂದೆ. ಅಫಿಡವಿಟ್ಟಿನ ಧ್ವನಿಯಲ್ಲಿ.
ಲೋಟ ಕೊಟ್ಟೆ. ನಿಂತೇ ಕುಡಿದರು,
ಗಂಟಲ ಗಂಟು ಏರಿತು, ಇಳಿದಿತು.
ಹಾಕಿದ ದುಡ್ಡು ಮೊದಲ ಸಲ ಬಾಯಿಗೆ ಬಂದವರಂತೆ
ತುಟಿ ಒರೆಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು.
‘ಉಪ್ಪು ಹಾಕಿಲ್ಲ’ ಎಂದರು ಕೊನೆಗೆ.
ಕೆರಿಯಪ್ಪ ಬೆಂಚಿನಲ್ಲಿ ಸ್ವಲ್ಪ ಸರಿದರು.
ಇನ್ನೊಂದು ಲೋಟಕ್ಕೆ ಇಬ್ಬರೂ ಬೇಡವೆನ್ನಲಿಲ್ಲ.

ಮೂರು ಗಂಟೆಯ ಬಸ್ಸಿಗೆ ಹೊರಡುವಾಗ
ಮೇಜಿನ ಮೇಲುಳಿದ ಆ ಒಡೆದ ಕಾಯಿಯನ್ನು
ಕೆರಿಯಪ್ಪ ಅಂಗಿಯ ಜೇಬಿಗೆ ಹಾಕಿಕೊಂಡರು.
‘ಅದು ಬಲಿತಿಲ್ಲ, ನೆಟ್ಟರೆ ಹುಟ್ಟೋದಿಲ್ಲ’
ಎಂದರು ಬುಡೇನ್ ಸಾಬರು.
‘ಗೊತ್ತು’ ಎಂದರು ಕೆರಿಯಪ್ಪ.

ಬರುವ ಮಂಗಳವಾರಕ್ಕೆ
ಮನೆಯಿಂದ ಉಪ್ಪು ತರಬೇಕು.